ಡಿಸೆಂಬರ್ ರಜೆಗೆ ಹೊಸ ಸೈ-ಫೈ, ಫ್ಯಾಂಟಸಿ: ಹಾಸನ, ಚಿಕ್ಕಮಗಳೂರಿನಲ್ಲಿ ಕೂತು ತರಿಸಿಕೊಳ್ಳುವ ಬಗೆ

ಕ್ರಿಸ್‌ಮಸ್ ರಜೆಗೆ ಒಂದು ಹೊಸ ಸೈ-ಫೈ ಬೇಕು, ಮಗಳಿಗೆ ಫ್ಯಾಂಟಸಿ ಸರಣಿಯ ಮುಂದಿನ ಭಾಗ ಬೇಕು ಎಂದು ಡಿಸೆಂಬರ್ 20ಕ್ಕೆ ಹುಡುಕಲು ಕೂತರೆ ಸಾಮಾನ್ಯವಾಗಿ ಸಿಗುವುದು ಎರಡೇ. ಒಂದು, ಹೊಸ ಮುಖಪುಟ ಹೊದ್ದ ಹಳೆಯ ಪುಸ್ತಕ. ಇನ್ನೊಂದು, ರಜೆ ಮುಗಿದ ಮೇಲೆ ಮನೆ ತಲುಪುವ ಪಾರ್ಸೆಲ್. ಡಿಸೆಂಬರಿನ ಓದಿಗೆ ಕೆಲಸ ಶುರುವಾಗಬೇಕಾದದ್ದು ಅಕ್ಟೋಬರಿನಲ್ಲಿ. ಇಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಲಂಡನ್, ನ್ಯೂಯಾರ್ಕಿನ ಪ್ರಕಾಶಕರು ವರ್ಷದ ದೊಡ್ಡ ಪುಸ್ತಕಗಳನ್ನು ಅಂಗಡಿಗೆ ಇಳಿಸಿಯಾಗಿರುತ್ತದೆ.

ಕ್ರಿಸ್‌ಮಸ್ ಉಡುಗೊರೆಗೆ ಕೊಳ್ಳುವವರು ನವೆಂಬರಿನಲ್ಲೇ ಅಂಗಡಿಗೆ ಬರುತ್ತಾರೆ. ಅಷ್ಟರೊಳಗೆ ಪುಸ್ತಕ ಕಪಾಟಿನಲ್ಲಿರಬೇಕು, ಅದರ ವಿಮರ್ಶೆ ಪತ್ರಿಕೆಗಳಲ್ಲಿ ಬಂದಿರಬೇಕು. ಹಾಗಾಗಿ ಸೆಪ್ಟೆಂಬರಿನಿಂದ ನವೆಂಬರ್ ಮಧ್ಯದವರೆಗೆ ಬಿಡುಗಡೆಗಳ ಸುಗ್ಗಿ. ಡಿಸೆಂಬರ್ ಮೊದಲ ವಾರ ದಾಟಿದರೆ ಸಾಲು ತೆಳ್ಳಗಾಗುತ್ತದೆ, ಕೊನೆಯ ಎರಡು ವಾರ ಬಹುತೇಕ ಖಾಲಿ, ಜನವರಿಯಲ್ಲಿ ಮತ್ತೆ ಶುರು. ಅಮೆರಿಕದ ಪುಸ್ತಕಗಳು ಮಂಗಳವಾರ ಬಿಡುಗಡೆಯಾಗುತ್ತವೆ, ಬ್ರಿಟನ್ನಿನವು ಗುರುವಾರ. ಒಂದೇ ಕಾದಂಬರಿಗೆ ಎರಡು ತಾರೀಖು ಕಂಡರೆ ಗಾಬರಿ ಬೇಡ. ನಮ್ಮ ದೇಶಕ್ಕೆ ಹೆಚ್ಚಾಗಿ ಬ್ರಿಟಿಷ್ ಆವೃತ್ತಿ ಬರುವುದರಿಂದ ಗುರುವಾರದ ತಾರೀಖನ್ನೇ ಗುರುತು ಹಾಕಿಕೊಳ್ಳಿ.

ವರ್ಷಾಂತ್ಯದ 'ಅತ್ಯುತ್ತಮ ಪುಸ್ತಕ' ಪಟ್ಟಿಗಳು ನವೆಂಬರ್ ಕೊನೆಯಿಂದ ಬರತೊಡಗುತ್ತವೆ. ಅವು ಆಯ್ಕೆಗೆ ಒಳ್ಳೆಯ ಸಹಾಯ. ಆದರೆ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಡಿಸೆಂಬರಿನ ಪುಸ್ತಕಗಳು ಇನ್ನೂ ಹೊರಬಂದಿರುವುದಿಲ್ಲ. ಮುಂದಿನ ವರ್ಷದ ಪಟ್ಟಿ ಮಾಡುವಾಗ ಅವು ಹಳೆಯವು. ಈ ಎರಡರ ನಡುವೆ ಬಿದ್ದುಹೋಗುವ ಒಳ್ಳೆಯ ಕಾದಂಬರಿಗಳನ್ನು ಹಿಡಿಯಬೇಕೆಂದರೆ ಅಮೆರಿಕದ ಸೈ-ಫೈ, ಫ್ಯಾಂಟಸಿ ಪತ್ರಿಕೆ ಲೋಕಸ್ ಫೆಬ್ರುವರಿಯಲ್ಲಿ ಕೊಡುವ ಶಿಫಾರಸು ಪಟ್ಟಿ ನೋಡಿ. ಅದು ಹಿಂದಿನ ವರ್ಷವನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮತ್ತು ಸೈ-ಫೈ, ಫ್ಯಾಂಟಸಿ, ಮೊದಲ ಕಾದಂಬರಿ ಎಂದು ಬೇರೆಬೇರೆಯಾಗಿ ಕೊಡುತ್ತದೆ. ಓದುಗರ ಮತದ ಮೇಲೆ ನಡೆಯುವ ಗುಡ್‌ರೀಡ್ಸ್ ಜಾಲತಾಣದ ಆಯ್ಕೆ ಡಿಸೆಂಬರ್ ಆರಂಭದಲ್ಲಿ ಹೊರಬೀಳುತ್ತದೆ. ಅದು ಜನಪ್ರಿಯತೆಯ ಅಳತೆ. ಉಡುಗೊರೆಗೆ ಅದು ಸಾಕು, ನಿಮ್ಮ ಸ್ವಂತ ಓದಿಗೆ ಲೋಕಸ್ ಪಟ್ಟಿಯೇ ಹೆಚ್ಚು ನಂಬಿಕೆಯದು.

ಮೊದಲು ಗಂಟೆ ಎಣಿಸಿ, ಆಮೇಲೆ ಪುಸ್ತಕ

ರಜೆಯಲ್ಲಿ ನಿಜಕ್ಕೂ ಓದಲು ಎಷ್ಟು ಹೊತ್ತು ಸಿಗುತ್ತದೆ? ಮಲೆನಾಡಿನ ಮನೆಗಳಲ್ಲಿ ಡಿಸೆಂಬರ್ ಎಂದರೆ ಅರೇಬಿಕಾ ಕಾಫಿ ಕೊಯ್ಲಿನ ನಟ್ಟನಡುವೆ. ಹಗಲು ತೋಟ, ಪಲ್ಪರ್, ಕಣ. ಓದಿಗೆ ಉಳಿಯುವುದು ರಾತ್ರಿಯ ಒಂದೂವರೆ-ಎರಡು ಗಂಟೆ. ಇಂಗ್ಲಿಷ್ ಕಾದಂಬರಿಯನ್ನು ಗಂಟೆಗೆ 30 ಪುಟ ಓದುವವರಿಗೆ 600 ಪುಟದ ಫ್ಯಾಂಟಸಿ ಮುಗಿಸಲು 20 ಗಂಟೆ ಬೇಕು. ದಿನಕ್ಕೆ ಎರಡು ಗಂಟೆಯಂತೆ ಸರಿಯಾಗಿ ಹತ್ತು ದಿನ. ಅಂದರೆ ಒಂದು ರಜೆಗೆ ಒಂದು ದಪ್ಪ ಪುಸ್ತಕ, ಅಷ್ಟೇ. ಫ್ಯಾಂಟಸಿಯಲ್ಲಿ ಮೊದಲ 60-80 ಪುಟ ಇನ್ನೂ ನಿಧಾನ. ಊರು, ಮನೆತನ, ಮಂತ್ರ, ಹೆಸರು ಎಲ್ಲ ಹೊಸದು. ಅಲ್ಲಿ ಗಂಟೆಗೆ 20 ಪುಟ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ಮೂರು ದಿನ ಮಾತ್ರ ಬಿಡುವಿದ್ದರೆ 150-200 ಪುಟದ ಕಿರುಕಾದಂಬರಿ ಹುಡುಕಿ. ಸೈ-ಫೈಯಲ್ಲಿ ಇದು ಬಹಳ ಸಮೃದ್ಧ ಪ್ರಕಾರ. ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳಲ್ಲಿ 17,500ರಿಂದ 40,000 ಪದಗಳೊಳಗಿನ ಕೃತಿಗೆ ಪ್ರತ್ಯೇಕ ವಿಭಾಗವೇ ಇದೆ. ಆ ವಿಭಾಗದ ಕಳೆದ ಮೂರು ವರ್ಷದ ಅಂತಿಮ ಪಟ್ಟಿ ತೆಗೆದು ಕೂತರೆ ಮೂರು ಸಂಜೆಯಲ್ಲಿ ಮುಗಿಯುವ ಹದಿನೈದಕ್ಕೂ ಹೆಚ್ಚು ಪುಸ್ತಕ ಸಿಗುತ್ತವೆ.

ಹೊಸ ಬಿಡುಗಡೆ ಸರಣಿಯ ಎಷ್ಟನೇ ಭಾಗ ಎಂಬುದನ್ನು ತಪ್ಪದೆ ನೋಡಿ. ಮುಖಪುಟದ ಮೇಲೆ ದೊಡ್ಡದಾಗಿ ಬರೆದಿರುವುದಿಲ್ಲ. ಶೀರ್ಷಿಕೆ ಪುಟದ ಹಿಂದೆ-ಮುಂದೆ, 'ಇದೇ ಲೇಖಕರ ಇತರ ಕೃತಿಗಳು' ಎಂಬ ಪುಟದಲ್ಲಿ ಇರುತ್ತದೆ. ಮೂರನೇ ಭಾಗವನ್ನು ಉಡುಗೊರೆ ಕೊಟ್ಟು ಮೊದಲೆರಡು ಸಿಗದೆ ಮಗು ಪುಸ್ತಕ ಮುಚ್ಚಿಟ್ಟರೆ ಬಹಳ ನಷ್ಟ. ಅದು ಪುಸ್ತಕದ ನಷ್ಟವಷ್ಟೇ ಆಗುವುದಿಲ್ಲ, ಓದುವ ಆಸೆಯೂ ಹೋಗುತ್ತದೆ.

ಶೀರ್ಷಿಕೆ ಸಾಲದು, ಆವೃತ್ತಿ ಗೊತ್ತುಮಾಡಿಕೊಳ್ಳಿ

ಒಂದೇ ಕಾದಂಬರಿ ಒಂದೇ ದಿನ ನಾಲ್ಕು ರೂಪದಲ್ಲಿ ಬರುತ್ತದೆ: ಹಾರ್ಡ್‌ಬೌಂಡ್, ದೊಡ್ಡ ಆಕಾರದ ಪೇಪರ್‌ಬ್ಯಾಕ್, ಇ-ಪುಸ್ತಕ, ಆಡಿಯೋ. ಸಣ್ಣ ಪೇಪರ್‌ಬ್ಯಾಕ್ ಸುಮಾರು ಒಂಬತ್ತು ತಿಂಗಳಿಂದ ಒಂದು ವರ್ಷ ಬಿಟ್ಟು ಬರುತ್ತದೆ. ಇವುಗಳಲ್ಲಿ ನಮ್ಮ ಕಡೆಯ ಓದುಗರಿಗೆ ಹೆಚ್ಚು ಉಪಯೋಗದ್ದು ಎರಡನೆಯದು. ಬ್ರಿಟಿಷ್ ಪ್ರಕಾಶಕರು ಭಾರತ, ಆಸ್ಟ್ರೇಲಿಯಾ, ಐರ್ಲೆಂಡ್‌ನಂಥ ಮಾರುಕಟ್ಟೆಗಳಿಗಾಗಿ ಹಾರ್ಡ್‌ಬೌಂಡ್ ಜೊತೆಜೊತೆಗೇ ಈ ದೊಡ್ಡ ಪೇಪರ್‌ಬ್ಯಾಕ್ ಹೊರತರುತ್ತಾರೆ. ಒಳಪುಟ, ಅಕ್ಷರದ ಗಾತ್ರ ಎಲ್ಲ ಹಾರ್ಡ್‌ಬೌಂಡಿನದೇ, ಅಳತೆ ಹೆಚ್ಚಾಗಿ 153×234 ಮಿಲಿಮೀಟರ್, ಬೆಲೆ ಕಡಿಮೆ. ಹಾರ್ಡ್‌ಬೌಂಡ್ ಬೆಲೆ ನೋಡಿ 'ಒಂದು ವರ್ಷ ಕಾಯೋಣ' ಎಂದು ಬಿಡುವ ಮುನ್ನ ಈ ರೂಪ ಇದೆಯೇ ಎಂದು ಕೇಳಿ. ಸಣ್ಣ ಪೇಪರ್‌ಬ್ಯಾಕಿನ ಅಳತೆ 129×198. ಸರಣಿಯ ಒಂದನೇ ಭಾಗ ಈ ಅಳತೆಯದು, ಎರಡನೆಯದು ಆ ಅಳತೆಯದು ಕೊಂಡರೆ ಕಪಾಟಿನಲ್ಲಿ ಮೂರೂವರೆ ಸೆಂಟಿಮೀಟರ್ ಏರುಪೇರಾಗುತ್ತದೆ. ಕೆಲವರಿಗೆ ಅದು ಲೆಕ್ಕಕ್ಕಿಲ್ಲ, ಸರಣಿ ಜೋಡಿಸುವವರಿಗೆ ಅದೇ ದೊಡ್ಡ ಸಂಕಟ.

ಬೇಕಾದ ರೂಪವನ್ನು ಗುರುತಿಸಲು ಐಎಸ್‌ಬಿಎನ್ (ಬಾರ್‌ಕೋಡಿನ ಜೊತೆ ಅಚ್ಚಾಗಿರುವ ಪುಸ್ತಕದ ಗುರುತಿನ ಸಂಖ್ಯೆ) ಒಂದೇ ದಾರಿ, ಏಕೆಂದರೆ ಪ್ರತಿ ರೂಪಕ್ಕೂ ಬೇರೆ ಸಂಖ್ಯೆ ಇರುತ್ತದೆ. 2007ರಿಂದ ಅದು 13 ಅಂಕಿಯದು. ಭಾರತದಲ್ಲಿ ಪ್ರಕಟವಾದದ್ದಾದರೆ ಹೆಚ್ಚಾಗಿ 978-81 ಅಥವಾ 978-93ರಿಂದ ಶುರುವಾಗುತ್ತದೆ. ಅಂಗಡಿಗೆ ವಾಟ್ಸ್ಆ್ಯಪ್ ಮಾಡುವಾಗ ಹೆಸರಿನ ಜೊತೆ ಈ ಸಂಖ್ಯೆಯನ್ನೂ ಕಳಿಸಿ. ಒಂದು ಅಂಕಿ ತಪ್ಪಿದರೂ ಪುಸ್ತಕ ಸಿಗುವುದಿಲ್ಲ, ಅದಕ್ಕೇ ಕೊನೆಯ ಅಂಕಿ ಪರೀಕ್ಷೆಯ ಅಂಕಿ. ಮೊದಲ 12 ಅಂಕಿಗಳನ್ನು ಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿ. ಕೊನೆಯ ಅಂಕಿಯನ್ನೂ ಸೇರಿಸಿದಾಗ ಮೊತ್ತ ಹತ್ತರ ಮಗ್ಗಿಯಲ್ಲಿ ಬರಬೇಕು. ಉದಾಹರಣೆಗೆ 9780306406157: ಮೊದಲ ಹನ್ನೆರಡರ ಮೊತ್ತ 93, ಕೊನೆಯ 7 ಸೇರಿ 100. ಬರದಿದ್ದರೆ ನೀವು ಎಲ್ಲೋ ತಪ್ಪು ಬರೆದುಕೊಂಡಿದ್ದೀರಿ.

ಮಾರಾಟ ತಾಣಗಳಲ್ಲಿ ಎರಡು ಮೋಸಗಳನ್ನು ಗಮನದಲ್ಲಿಡಿ. ದೊಡ್ಡ ಬಿಡುಗಡೆಯಾದ ವಾರದಲ್ಲೇ ಅದೇ ಹೆಸರಿನ 'ಸಾರಾಂಶ', 'ಮಾರ್ಗದರ್ಶಿ' ಎಂಬ ತೆಳು ಪುಸ್ತಕಗಳು ಸುಳಿಯುತ್ತವೆ. ಪುಟಸಂಖ್ಯೆ 40-80 ಇದ್ದರೆ, ಲೇಖಕರ ಹೆಸರು ಬೇರೆ ಇದ್ದರೆ ಮುಟ್ಟಬೇಡಿ. ಇನ್ನೊಂದು ನಕಲಿ ಮುದ್ರಣ. 899 ರೂಪಾಯಿ ಮುದ್ರಿತ ಬೆಲೆಯ, ತಿಂಗಳ ಹಿಂದಷ್ಟೇ ಬಂದ ಪುಸ್ತಕ 180ಕ್ಕೆ ಸಿಗುತ್ತಿದ್ದರೆ ಅದು ಅಸಲಿಯಾಗಿರುವ ಸಾಧ್ಯತೆ ತೀರ ಕಡಿಮೆ. ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಎದ್ದು ಕಾಣುವ ಕಾಗದ, ಅಂಚು ಮಸುಕಾದ ಬಾರ್‌ಕೋಡ್, ಬೂದಿಯಂತೆ ಕಲಸಿದ ನಕ್ಷೆ ಇವು ಗುರುತು. ಫ್ಯಾಂಟಸಿಯಲ್ಲಿ ನಕ್ಷೆಯೇ ಮೊದಲು ಸಿಕ್ಕಿಬೀಳುವುದು: ಸಣ್ಣ ಊರಿನ ಹೆಸರು ಓದಲು ಬರದಿದ್ದರೆ ಅದು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಪ್ರತಿ.

ಆರ್ಡರ್ ಮಾಡುವುದು, ತಲುಪಿಸಿಕೊಳ್ಳುವುದು

ಕೊನೆಯ ದಿನಗಳನ್ನು ಹೀಗೆ ಇಟ್ಟುಕೊಳ್ಳಿ. ಹೊರದೇಶದಿಂದ ಬರಬೇಕಾದ ಪ್ರತಿಗೆ ನವೆಂಬರ್ 10. ಬೆಂಗಳೂರಿನ ಅಂಗಡಿಯ ಕಪಾಟಿನಲ್ಲಿ ಈಗಾಗಲೇ ಇರುವ ಪುಸ್ತಕಕ್ಕೆ ಡಿಸೆಂಬರ್ 14. ಲೇಖಕರಿಂದ ಅಥವಾ ಸಣ್ಣ ಪ್ರಕಾಶಕರಿಂದ ನೇರ ತರಿಸುವ ಕನ್ನಡ ಪುಸ್ತಕಕ್ಕೆ ಡಿಸೆಂಬರ್ 8, ಏಕೆಂದರೆ ಅಲ್ಲಿ ಪ್ಯಾಕ್ ಮಾಡಿ ಅಂಚೆಗೆ ಹಾಕುವವರು ಹೆಚ್ಚಾಗಿ ಒಬ್ಬರೇ. ಕ್ರಿಸ್‌ಮಸ್ ವಾರದಲ್ಲಿ ಸಕಲೇಶಪುರ, ಮೂಡಿಗೆರೆ, ಮುಳ್ಳಯ್ಯನಗಿರಿ ಕಡೆಯ ರಸ್ತೆಗಳೆಲ್ಲ ಪ್ರವಾಸಿಗರ ಕಾರು. ಆ ವಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆಮದು ಪುಸ್ತಕದ ಮೇಲೆ ಮಾತ್ರ 2019ರ ಬಜೆಟ್ಟಿನಲ್ಲಿ ಶೇ 5 ಸುಂಕ ಹಾಕಲಾಯಿತು. ಬಿಲ್ಲಿನಲ್ಲಿ ಪುಸ್ತಕದ ಬೆಲೆಗೇ 'ತೆರಿಗೆ' ಎಂದು ಸೇರಿಸಿದ್ದರೆ ಪ್ರಶ್ನಿಸಿ.

ಹಾಸನ ಪಟ್ಟಣ 573201, ಚಿಕ್ಕಮಗಳೂರು ಪಟ್ಟಣ 577101. ಈ ಎರಡು ಪಿನ್‌ಕೋಡಿಗೆ ಖಾಸಗಿ ಕೊರಿಯರ್ ತೊಂದರೆಯಿಲ್ಲದೆ ಬರುತ್ತದೆ. ತೊಡಕು ಇರುವುದು 573134, 577132ರಂಥ ತಾಲ್ಲೂಕು ಪಿನ್‌ಕೋಡಿನ ಒಳಗಿನ ಎಸ್ಟೇಟ್‌ಗಳಲ್ಲಿ. ಕೊರಿಯರ್ ಹುಡುಗ ಪಟ್ಟಣದ ಶಾಖೆಯಲ್ಲಿ ಕೂತು ಫೋನ್ ಮಾಡುತ್ತಾನೆ. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಎರಡು-ಮೂರು ಸಲ ಕರೆ ತಾಗದಿದ್ದರೆ ಪಾರ್ಸೆಲ್ ವಾಪಸ್. ಇದಕ್ಕೆ ಮೂರು ಪರಿಹಾರ ಉಂಟು. ಪಟ್ಟಣದ ಪರಿಚಿತ ಅಂಗಡಿಯ ವಿಳಾಸ ಕೊಡಿ. ಎರಡನೇ ಫೋನ್ ಸಂಖ್ಯೆಯನ್ನು ವಿಳಾಸದ ಸಾಲಿನೊಳಗೇ ಬರೆಯಿರಿ, ಪ್ರತ್ಯೇಕ ಜಾಗದಲ್ಲಿ ಹಾಕಿದ್ದು ಎಷ್ಟೋ ಸಲ ಚೀಟಿಯ ಮೇಲೆ ಅಚ್ಚಾಗುವುದಿಲ್ಲ. ಇಲ್ಲವೇ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ಎಂದು ಹೇಳಿ. ಹಳ್ಳಿಯ ಶಾಖಾ ಅಂಚೆ ಕಚೇರಿಯವರೆಗೆ ಖಾತ್ರಿಯಾಗಿ ಬರುವುದು ಅದೊಂದೇ. ಸ್ಪೀಡ್ ಪೋಸ್ಟ್ ಸಂಖ್ಯೆ 13 ಅಕ್ಷರದ್ದು: ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್. ಕಳಿಸಿದವರಿಂದ ಅದನ್ನು ಅದೇ ದಿನ ಕೇಳಿ ಪಡೆಯಿರಿ.

ಹತ್ತು-ಹನ್ನೆರಡು ಪುಸ್ತಕ ಒಟ್ಟಿಗೆ ತರಿಸುವ ಗೆಳೆಯರ ಬಳಗವಿದ್ದರೆ ಬಸ್ಸಿನ ಪಾರ್ಸೆಲ್ ಲಾಭ. ಕೆಎಸ್‌ಆರ್‌ಟಿಸಿ 2021ರಿಂದ 'ನಮ್ಮ ಕಾರ್ಗೊ' ನಡೆಸುತ್ತಿದೆ. ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್, ಬೆಳಗ್ಗೆ ಕೊಟ್ಟದ್ದು ಅದೇ ದಿನ ತಲುಪುವ ದೂರ. 600 ಪುಟದ ದೊಡ್ಡ ಪೇಪರ್‌ಬ್ಯಾಕ್ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ, ಹತ್ತು ಪುಸ್ತಕ ಎಂದರೆ ಏಳೂವರೆ ಕಿಲೋ. ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ ಜೋಡಿಸಲು ಹೇಳಿ. ನಿಲ್ಲಿಸಿ ಜೋಡಿಸಿದರೆ ಬಸ್ಸಿನ ಕುಲುಕಿಗೆ ಮೂಲೆಗಳು ಮಡಚುತ್ತವೆ.

ಇ-ಪುಸ್ತಕ ಹಾದಿ ಹಿಡಿಯುವವರು ಪಟ್ಟಣದಲ್ಲಿದ್ದಾಗಲೇ ಇಳಿಸಿಕೊಳ್ಳಿ. ಚಿತ್ರಗಳಿಲ್ಲದ ಕಾದಂಬರಿ ಕೆಲವೇ ಎಂಬಿ, ಎಲ್ಲಿಯೂ ಇಳಿಯುತ್ತದೆ. ಆಡಿಯೋ ಹಾಗಲ್ಲ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಗಂಟೆಗೆ 29 ಎಂಬಿಯಂತೆ, 20 ಗಂಟೆಯ ಫ್ಯಾಂಟಸಿಗೆ 580 ಎಂಬಿ ಹತ್ತಿರ ಬೇಕು. ತೋಟದ ಒಂದು ಕಡ್ಡಿ ಸಿಗ್ನಲ್ಲಿಗೆ ಅದು ಆಗದ ಮಾತು. ಅಮೆರಿಕದಲ್ಲಿ ಮಾತ್ರ ಹಕ್ಕು ಇರುವ ಪ್ರಕಾಶಕರ ಇ-ಪುಸ್ತಕ ಇಲ್ಲಿ 'ಲಭ್ಯವಿಲ್ಲ' ಎಂದು ತೋರಿಸಿದರೆ ಅದು ತಾಂತ್ರಿಕ ದೋಷವಲ್ಲ, ಹಕ್ಕಿನ ಗಡಿ. ಬ್ರಿಟಿಷ್ ಆವೃತ್ತಿ ಬರುವವರೆಗೆ ಕಾಯಬೇಕು.

ಕನ್ನಡದ ಹೊಸ ಪುಸ್ತಕಗಳ ಲೆಕ್ಕವೇ ಬೇರೆ

ಕನ್ನಡದಲ್ಲಿ ಡಿಸೆಂಬರ್ ಖಾಲಿ ತಿಂಗಳಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಎರಡೂ ಪುಸ್ತಕ ಮೊದಲು ಅಚ್ಚಾದ ಕ್ಯಾಲೆಂಡರ್ ವರ್ಷವನ್ನು ನೋಡುತ್ತವೆ. ಆದ್ದರಿಂದ ವರ್ಷ ಮುಗಿಯುವುದರೊಳಗೆ ಮುಗಿಸಿಬಿಡೋಣ ಎಂಬ ಅವಸರ ಪ್ರೆಸ್ಸುಗಳಲ್ಲಿ ಎದ್ದು ಕಾಣುತ್ತದೆ. ಇದರ ಜೊತೆಗೆ ಸಾಹಿತ್ಯ ಸಮ್ಮೇಳನ. ಮಂಡ್ಯದ 87ನೇ ಸಮ್ಮೇಳನ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆಯಿತು, ಹಾವೇರಿಯದು 2023ರ ಜನವರಿ 6ರಿಂದ 8ರವರೆಗೆ. ಸಮ್ಮೇಳನ ಈ ಚಳಿಗಾಲದಲ್ಲಿ ಬಿದ್ದ ವರ್ಷ, ಮಳಿಗೆ ಹಾಕುವ ಪ್ರಕಾಶಕರು ಹೊಸ ಪುಸ್ತಕವನ್ನು ಅದೇ ವಾರಕ್ಕೆ ಸಿದ್ಧಮಾಡುತ್ತಾರೆ.

ಅವಸರದ ಬೆಲೆ ಓದುಗರ ಕೈಯಲ್ಲಿ ಕಾಣುತ್ತದೆ. ಕರಡು ತಿದ್ದದ ಪುಟ, ಅಂಟು ಒಣಗುವ ಮೊದಲೇ ಕತ್ತರಿಸಿದ ಬೈಂಡಿಂಗ್. ಒಳ್ಳೆಯ ಕಥೆ ಇಂಥದ್ದಕ್ಕೆ ಬಲಿಯಾದರೆ ಬೇಸರವಾಗುತ್ತದೆ. ಆದರೂ ಮೊದಲ ಮುದ್ರಣ ಬಿಡಬೇಡಿ. ಕನ್ನಡ ಕಾದಂಬರಿ ಸಾಮಾನ್ಯವಾಗಿ 500ರಿಂದ 1,000 ಪ್ರತಿ ಅಚ್ಚಾಗುತ್ತದೆ, ಮರುಮುದ್ರಣ ಯಾವಾಗ ಎಂಬ ಖಾತ್ರಿ ಇರುವುದಿಲ್ಲ.

ಹುಡುಕುವುದೇ ಇಲ್ಲಿ ಕಷ್ಟದ ಕೆಲಸ. ಮುಖಪುಟದ ಮೇಲೆ ಬರೀ 'ಕಾದಂಬರಿ' ಎಂದಿರುತ್ತದೆ. ಅಂಗಡಿಯಲ್ಲಿ ಒಂದು ಪ್ರತಿ ಕಾದಂಬರಿ ಸಾಲಿನಲ್ಲಿ, ಇನ್ನೊಂದು ವಿಜ್ಞಾನದ ಸಾಲಿನಲ್ಲಿ, ಮತ್ತೊಂದು ಮಕ್ಕಳ ಪುಸ್ತಕಗಳ ನಡುವೆ. ಮೂಡಿಗೆರೆ ಸೀಮೆಯ ಕಾಡಿನಲ್ಲಿ ಹಾರುವ ಓತಿಯ ಬೆನ್ನು ಹತ್ತುವ ತೇಜಸ್ವಿಯವರ 'ಕರ್ವಾಲೊ'ವನ್ನೇ ಯಾವ ಸಾಲಿಗೆ ಸೇರಿಸುತ್ತೀರಿ? ಮೂರೂ ಸಾಲು ನೋಡಿ, ಬೆನ್ನುಡಿ ಓದಿ. ಆನ್‌ಲೈನಿನಲ್ಲಿ 'ವೈಜ್ಞಾನಿಕ ಕಾದಂಬರಿ', 'ವಿಜ್ಞಾನ ಕಥೆ', 'ಸೈನ್ಸ್ ಫಿಕ್ಷನ್', 'ಸೈ-ಫೈ', 'ಫ್ಯಾಂಟಸಿ' ಎಂದು ಐದೂ ಪದ ಹಾಕಿ ಹುಡುಕಿ. ಮಾರಾಟಗಾರರು ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಕಾಗುಣಿತದಲ್ಲಿ ಏರಿಸಿರುತ್ತಾರೆ, ದೀರ್ಘ-ಹ್ರಸ್ವ ಬದಲಿಸಿ ಎರಡು-ಮೂರು ಸಲ ಪ್ರಯತ್ನಿಸಿ. ಹೊಸ ಪುಸ್ತಕಗಳ ವಿವರಕ್ಕೆ ಬುಕ್ ಬ್ರಹ್ಮ, ಕನ್ನಡ ಇ-ಪುಸ್ತಕ ಮತ್ತು ಆಡಿಯೋಗೆ ಮೈಲ್ಯಾಂಗ್ ನೋಡಬಹುದು.

ದೀಪಾವಳಿ ವಿಶೇಷಾಂಕಗಳನ್ನು ರದ್ದಿಗೆ ಹಾಕಬೇಡಿ. ಹೊಸ ಬರಹಗಾರರ ವಿಜ್ಞಾನ ಕಥೆ ಮೊದಲು ಅಲ್ಲಿ ಕಾಣಿಸಿಕೊಂಡು, ಎರಡು-ಮೂರು ವರ್ಷದ ಮೇಲೆ ಸಂಕಲನವಾಗುವುದುಂಟು. ಇಷ್ಟವಾದ ಹೆಸರನ್ನು ಬರೆದಿಟ್ಟುಕೊಂಡರೆ ಮುಂದಿನ ಬಿಡುಗಡೆ ನಿಮಗೆ ತಪ್ಪುವುದಿಲ್ಲ.

ಕೊಳ್ಳಲಾಗದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಬೇಡಿಕೆ ಬರೆದುಕೊಡಿ: ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಐಎಸ್‌ಬಿಎನ್. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಸೇರಿದೆ, ಕೇಳುವುದು ನಿಮ್ಮ ಹಕ್ಕು. ಈ ಡಿಸೆಂಬರಿಗೆ ಬರುವುದಿಲ್ಲ, ಆದರೂ ಕೇಳಿ.

ಕೈಗೆ ಬಂದ ದಿನ

ಓದಲು ಕೂರುವ ಮುನ್ನ ಐದು ನಿಮಿಷ ಪರೀಕ್ಷೆಗೆ ಕೊಡಿ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂ ಸಾಮಾನ್ಯವಾಗಿ 16 ಪುಟ. ಬೈಂಡಿಂಗಿನಲ್ಲಿ ತಪ್ಪಿದರೆ ಒಂದು ಫಾರಂ ಪೂರ್ತಿ ಬಿಟ್ಟುಹೋಗುತ್ತದೆ ಅಥವಾ ಎರಡು ಸಲ ಕೂರುತ್ತದೆ. 48ರ ಮುಂದೆ 65 ಬರುತ್ತದೆ, ಇಲ್ಲವೇ 64ರ ನಂತರ ಮತ್ತೆ 49. ಹಾಗಾಗಿ ಎಲ್ಲ ಪುಟ ತಿರುವಬೇಕಿಲ್ಲ. ಮೂಲೆಯ ಪುಟಸಂಖ್ಯೆ ನೋಡುತ್ತ ಹದಿನಾರು ಹದಿನಾರಾಗಿ ಜಿಗಿದರೆ ಸಾಕು. ತಪ್ಪು ಕಂಡರೆ ಆ ಎರಡು ಪುಟ ಮತ್ತು ಬಿಲ್ಲಿನ ಫೋಟೊ ಅದೇ ದಿನ ಕಳಿಸಿ. ವಾಪಸಿನ ಗಡುವು ಕೆಲವೇ ದಿನ ಇರುತ್ತದೆ, ರಜೆಯ ಕೊನೆಗೆ 300ನೇ ಪುಟದಲ್ಲಿ ಗೊತ್ತಾದರೆ ತಡವಾಗುತ್ತದೆ.

ಚಳಿಯ ಬೆಳಗ್ಗೆ ದಪ್ಪ ಪೇಪರ್‌ಬ್ಯಾಕನ್ನು ಒಮ್ಮೆಲೇ ನಡುವೆ ಅಗಲಿಸಬೇಡಿ. ಬೆನ್ನಿನ ಅಂಟು ಚಳಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಅಲ್ಲಿಂದ ಹಾಳೆ ಕಳಚತೊಡಗುತ್ತದೆ. ಬೆನ್ನನ್ನು ಮೇಜಿನ ಮೇಲಿಟ್ಟು ಮೊದಲು ಎರಡೂ ಹೊದಿಕೆ ಕೆಳಗಿಳಿಸಿ. ಆಮೇಲೆ ಮುಂದಿನಿಂದ ಇಪ್ಪತ್ತು ಹಾಳೆ, ಹಿಂದಿನಿಂದ ಇಪ್ಪತ್ತು ಹಾಳೆ, ಬೆರಳಿನಿಂದ ಹಗುರವಾಗಿ ಒತ್ತುತ್ತ ನಡುವಿನವರೆಗೆ ಬನ್ನಿ.

ಜೂನ್ ಬಂದಾಗ ಈ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಈಗಲೇ ಜಾಗ ನೋಡಿ. ಮಳೆ ಹೊಡೆಯುವ ಗೋಡೆಗೆ ಒರಗಿದ ಕಪಾಟು ಬೇಡ, ಯಾವ ಗೋಡೆಗಾದರೂ ನಾಲ್ಕು ಬೆರಳು ಅಂತರ ಬಿಡಿ. ಹಸಿ ಬೇವಿನ ಎಲೆಯನ್ನು ಹಾಳೆಗಳ ನಡುವೆ ಇಡುವ ರೂಢಿ ಬಿಡಿ, ಅದರ ನೀರಿನಂಶವೇ ಕಲೆಯಾಗುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗೆ 100 ಗ್ರಾಂ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ. ಒದ್ದೆಯಾದರೆ ಬಿಸಿಲಿಗೆ ಹಾಕದೆ ಫ್ಯಾನಿನ ಕೆಳಗೆ ನಿಲ್ಲಿಸಿ. ನಯವಾದ ಹಾಳೆಯ ಬಣ್ಣದ ನಕ್ಷೆ, ಚಿತ್ರಪುಟಗಳಿದ್ದರೆ ಮೊದಲು ಅವನ್ನು ಬಿಡಿಸಿ. ಒಣಗುವಾಗ ಅಂಟಿಕೊಂಡವು ಮತ್ತೆ ಬಿಡುವುದಿಲ್ಲ.

ಸರಣಿಯ ಪುಸ್ತಕವಾದರೆ ಇನ್ನೊಂದು ಕೆಲಸ. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಆವೃತ್ತಿಯ ಅಳತೆ, ಕೊಂಡ ತಾರೀಖು, ಮುಂದಿನ ಭಾಗದ ಹೆಸರು ಗೊತ್ತಿದ್ದರೆ ಹೆಸರು, ಸತ್ತವರು ಯಾರು, ಉಳಿದವರು ಯಾರು ಎಂದು ಆರೇಳು ಸಾಲು ಬರೆದಿಡಿ. ಮುಂದಿನ ಭಾಗ ಬರಲು ಒಂದೂವರೆ-ಎರಡು ವರ್ಷ ಹಿಡಿಯುತ್ತದೆ. ಆಗ ಮತ್ತೆ 600 ಪುಟ ಓದಬೇಕಾಗುವುದಿಲ್ಲ, ಅಂಗಡಿಗೆ ಯಾವ ಅಳತೆಯದು ಕೇಳಬೇಕೆಂಬುದೂ ಅಲ್ಲೇ ಇರುತ್ತದೆ.